ಊದಿಕೊಂಡ ಪವರ್ ಬ್ಯಾಂಕ್: ಇಟ್ಟುಕೊಳ್ಳೋದಾ, ರಿಪೇರಿ ಮಾಡಿಸೋದಾ, ಕೊಟ್ಟುಬಿಡೋದಾ?

ಹೋದ ತಿಂಗಳು ಅಕ್ಕನ ಮಗಳು ಒಂದು ಫೋಟೊ ಕಳಿಸಿದಳು. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿ ಇದ್ದಾಳೆ. ಫೋಟೊದಲ್ಲಿ ಮಂಚದ ಮೇಲೆ ಅವಳ ಪವರ್ ಬ್ಯಾಂಕ್. ಪ್ಲಾಸ್ಟಿಕ್ಕಿನ ಎರಡು ಹೋಳುಗಳು ಒಂದು ಕಡೆ ಬಿಟ್ಟುಕೊಂಡಿದ್ದವು. ಸಂದಿಯಲ್ಲಿ ಬೆಳ್ಳಿ ಬಣ್ಣದ್ದೇನೋ ಪುಟ್ಟ ದಿಂಬಿನ ಹಾಗೆ ಇಣುಕುತ್ತಿತ್ತು.

“ಚಿಕ್ಕಮ್ಮ, ಇದು ಊದಿಕೊಂಡಿದೆ. ಆದ್ರೆ ಚಾರ್ಜ್ ಚೆನ್ನಾಗೇ ಆಗ್ತಿದೆ. ಟೇಪ್ ಸುತ್ತಿ ಇಟ್ಕೊಳ್ಳಲಾ?”

“ಈಗ ಎಲ್ಲಿದೆ?”

“ದಿಂಬಿನ ಪಕ್ಕ. ಚಾರ್ಜಿಗೆ ಹಾಕಿದೀನಿ.”

ಮೊದಲು ಪ್ಲಗ್ ಕೀಳಿಸಿದೆ. ಮಾತು ಆಮೇಲೆ.

ಅದೇ ವಾರ ಕೆಳಗಿನ ಮನೆಯ ಹುಡುಗ ತನ್ನದನ್ನು ತಂದು ತೋರಿಸಿದ. ಊಟ ಡೆಲಿವರಿ ಮಾಡುವವನು. ಸಿಲ್ಕ್ ಬೋರ್ಡ್ ಹತ್ತಿರ ಗಾಡಿಯಿಂದ ಬಿದ್ದು ಪವರ್ ಬ್ಯಾಂಕಿನ ಒಂದು ಮೂಲೆ ಜಜ್ಜಿಹೋಗಿತ್ತು. ಊದಿರಲಿಲ್ಲ. “ಅಕ್ಕ, ಇದನ್ನೂ ಬಿಸಾಕ್ಬೇಕಾ? ಇದಿಲ್ದೆ ಇದ್ರೆ ಮಧ್ಯಾಹ್ನಕ್ಕೇ ಫೋನ್ ಸತ್ತೋಗುತ್ತೆ.” ಅವನಿಗೆ ಫೋನ್ ಸತ್ತರೆ ಅವತ್ತಿನ ಸಂಪಾದನೆಯೂ ಸತ್ತ ಹಾಗೆ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಹತ್ತು ವರ್ಷ ಯುಪಿಎಸ್ ಸರ್ವಿಸ್ ಕೆಲಸದಲ್ಲಿ ಇದ್ದವಳು. ಹಾಗಾಗಿ ಬ್ಯಾಟರಿ ವಿಷಯ ಬಂದರೆ ಮನೆಮಂದಿ ನನ್ನ ಹತ್ತಿರವೇ ಬರುತ್ತಾರೆ. ಇವರಿಬ್ಬರಿಗೂ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಯಾವುದನ್ನು ಇಟ್ಟು ಅಳೆಯೋದು

ದಾರಿ ಯಾವುದೇ ಇರಲಿ, ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಇದು ಕೆಟ್ಟರೆ ಆ ಹೊತ್ತಿಗೆ ಎಲ್ಲಿರುತ್ತದೆ: ಹಾಸಿಗೆ ಮೇಲಾ, ಬೆನ್ನಿನ ಬ್ಯಾಗಿನಲ್ಲಾ, ಸ್ಕೂಟರ್ ಡಿಕ್ಕಿಯಲ್ಲಾ? ಕೆಡುವ ಮೊದಲು ಏನಾದರೂ ಸೂಚನೆ ಕೊಡುತ್ತದಾ? ಕೆಟ್ಟರೆ ಜವಾಬ್ದಾರಿ ಯಾರದು, ಬಿಲ್ ಇದೆಯಾ? ಕೊನೆಗೆ, ದುಡ್ಡು ಮತ್ತು ಓಡಾಟ ಎಷ್ಟು?

ದುಡ್ಡನ್ನು ಕೊನೆಗೆ ಇಟ್ಟೆ ಅಂತ ಅದು ಮುಖ್ಯ ಅಲ್ಲ ಅಂತಲ್ಲ. ಬೆಲೆಯನ್ನೇ ಮೊದಲು ನೋಡಿದರೆ ಉಳಿದ ಮೂರು ಕಣ್ಣಿಗೇ ಬೀಳೋದಿಲ್ಲ. ನನಗೆ ಹಾಗೆ ಆಗಿದೆ. ಆ ಕತೆ ಮುಂದೆ ಬರುತ್ತದೆ.

ಟೇಪ್ ಸುತ್ತಿ ಬಳಸುವುದು

ಇದು ಎಲ್ಲಕ್ಕಿಂತ ಅಗ್ಗ. ಹತ್ತು ರೂಪಾಯಿ ಟೇಪು. ನನ್ನ ಉತ್ತರ ಮಾತ್ರ ಬೇಡ ಅಂತಲೇ. ಇದೊಂದರಲ್ಲಿ “ಅವರವರ ಅಗತ್ಯ ನೋಡಿ” ಅನ್ನುವ ಮಾತಿಲ್ಲ.

ಯಾಕೆ ಅಂದರೆ, ಒಳಗಿರುವ ಆ ಬೆಳ್ಳಿ ಚೀಲದಲ್ಲಿ (ಅದನ್ನೇ ಸೆಲ್ ಅನ್ನೋದು) ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡಿರುತ್ತವೆ. ನಡುವೆ ತಲೆಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಎಲ್ಲವೂ ಬೇಗ ಹೊತ್ತಿಕೊಳ್ಳುವ ಒಂದು ದ್ರವದಲ್ಲಿ ನೆನೆದಿರುತ್ತವೆ. ವಯಸ್ಸಾದರೆ, ಬಿಸಿಲಲ್ಲಿ ಬೆಂದರೆ, ಜಾಸ್ತಿ ಚಾರ್ಜ್ ಆದರೆ ಆ ದ್ರವ ಒಡೆದು ಅನಿಲವಾಗುತ್ತದೆ. ಊದುವುದು ಅಂದರೆ ಅದೇ. ಆ ಅನಿಲದಲ್ಲಿ ಉರಿಯುವಂಥದ್ದೂ ಇರುತ್ತದೆ. ಟೇಪ್ ಬಿಗಿದರೆ ಅನಿಲ ಹೋಗಲು ಜಾಗವಿಲ್ಲದೆ ಒಳಗಿನ ಪದರಗಳನ್ನೇ ಒತ್ತುತ್ತದೆ. ಪೊರೆ ಹರಿದರೆ ಒಳಗೊಳಗೇ ಶಾರ್ಟ್. ಶಾರ್ಟ್ ಆದರೆ ಬಿಸಿ. ಬಿಸಿ 130 ಡಿಗ್ರಿ ಆಸುಪಾಸು ಮುಟ್ಟಿದರೆ ಸಾಮಾನ್ಯ ಪೊರೆ ತಾನೇ ಕರಗುತ್ತದೆ. ಅಲ್ಲಿಂದ ಮುಂದೆ ಅದು ತನ್ನ ಬಿಸಿಗೆ ತಾನೇ ಬೇಯುತ್ತಾ ಹೋಗುತ್ತದೆ. ಪ್ಲಗ್ ಕಿತ್ತರೂ ನಿಲ್ಲೋದಿಲ್ಲ.

“ಚಾರ್ಜ್ ಚೆನ್ನಾಗೇ ಆಗ್ತಿದೆ” ಅನ್ನುವುದು ನಿಜ ಇರಬಹುದು. ಊದಿದ ಸೆಲ್ ಎಷ್ಟೋ ದಿನ ಕೆಲಸ ಮಾಡುತ್ತದೆ. ಮೋಸ ಆಗುವುದು ಅಲ್ಲೇ.

ಇನ್ನು ಸೂಜಿ ಚುಚ್ಚಿ ಗಾಳಿ ತೆಗೆಯುವ ವಿಡಿಯೊಗಳಿವೆ. ಪೂರಿಗಾದರೆ ಸರಿ. ಸೆಲ್ಲಿಗೆ ಸೂಜಿ ಚುಚ್ಚಿದರೆ ಎರಡು ಹಾಳೆಗೂ ನೀವೇ ಸೇತುವೆ ಕಟ್ಟಿದ ಹಾಗೆ.

ನಿಮ್ಮದು ಊದಿದೆಯೋ ಇಲ್ಲವೋ ಅನುಮಾನವಾ? ಅಡುಗೆಮನೆ ಗ್ರಾನೈಟ್ ಕಟ್ಟೆ ಮೇಲೆ ಚಪ್ಪಟೆಯಾಗಿ ಇಟ್ಟು ಮೂಲೆಯನ್ನು ಬೆರಳಲ್ಲಿ ಮೆಲ್ಲಗೆ ತಳ್ಳಿ. ಸರಿ ಇರುವುದು ಕಟ್ಟೆಗೆ ಉಜ್ಜಿಕೊಂಡು ಅಲ್ಲೇ ನಿಲ್ಲುತ್ತದೆ. ಹೊಟ್ಟೆ ಉಬ್ಬಿದ್ದು ಬುಗುರಿ ಹಾಗೆ ಅರ್ಧ ಸುತ್ತು ತಿರುಗುತ್ತದೆ. ಕೆಲವು ಮಾಡೆಲ್‌ಗಳ ಬೆನ್ನು ಮೊದಲಿಂದಲೇ ದುಂಡಗಿರುತ್ತದೆ, ಅವಕ್ಕೆ ಈ ಪರೀಕ್ಷೆ ನಡೆಯೋದಿಲ್ಲ. ಅಂಥದ್ದರಲ್ಲಿ ಜೋಡಣೆಯ ಗೆರೆ ನೋಡಿ. ಉಗುರು ತೂರಿದರೆ ಅನುಮಾನ ಪಡಿ.

ಎಸ್‌ಪಿ ರೋಡಿನಲ್ಲಿ ಸೆಲ್ ಬದಲಿಸುವುದು

ನಾನು ಎಡವಿದ್ದು ಇಲ್ಲೇ. ಮೂರು ವರ್ಷದ ಹಿಂದೆ ನನ್ನ 20,000 ಎಂಎಎಚ್‌ದು (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಅದು) ಊದಿತು. ಹೊಸದಕ್ಕೆ ಎರಡು ಸಾವಿರ ಯಾಕೆ ಕೊಡೋದು ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿಗೆ ಹೋದೆ. ಒಂದು ಓಣಿಯ ಒಳಗೆ ಎರಡಾಳು ನಿಲ್ಲುವಷ್ಟು ಅಂಗಡಿ. ಹುಡುಗ ತೆಳ್ಳನೆ ಸ್ಕ್ರೂಡ್ರೈವರ್ ತೂರಿಸಿ ಪೆಟ್ಟಿಗೆ ಬಿಚ್ಚಿದ. ಒಳಗೆ ಎರಡು ಸೆಲ್. ಒಂದು ಊದಿತ್ತು, ಇನ್ನೊಂದು ಚಪ್ಪಟೆಯಾಗೇ ಇತ್ತು. “ಒಂದೇ ಹೋಗಿರೋದು ಮೇಡಂ, ಒಂದೇ ಹಾಕ್ತೀನಿ, 350 ಕೊಡಿ.” ಡ್ರಾಯರಿನಿಂದ ಯಾವ ಬರಹವೂ ಇಲ್ಲದ ಒಂದು ಸೆಲ್ ತೆಗೆದ. ಎರಡು ವೈರ್ ಬೆಸುಗೆ, ಮೇಲೆ ಕಪ್ಪು ಟೇಪು. ಹತ್ತು ನಿಮಿಷದಲ್ಲಿ ಮುಗಿಯಿತು. ಸುಮಾರು ಸಾವಿರದ ಆರುನೂರು ಉಳಿಯಿತು ಅಂತ ಖುಷಿಯಲ್ಲಿ ಕಾಫಿ ಕುಡಿದು ಬಂದೆ.

ಬ್ಯಾಟರಿ ಕೆಲಸ ಮಾಡಿದವಳೇ ಹೀಗೆ ಮಾಡಿದೆ, ನೋಡಿ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ನಡುಮನೆಯಲ್ಲಿ ಉಗುರು ಬಣ್ಣದ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ತಲೆ ಹಿಡಿಯುವಂಥದ್ದು. ಮಗಳು ಉಗುರಿಗೆ ಹಚ್ಚುತ್ತಿದ್ದಾಳೆ ಅಂದುಕೊಂಡೆ. ಅವಳು ಮನೆಯಲ್ಲೇ ಇರಲಿಲ್ಲ. ವಾಸನೆ ಟಿವಿ ಪಕ್ಕದ ಪವರ್ ಬ್ಯಾಂಕಿನಿಂದ ಬರುತ್ತಿತ್ತು. ಕೈಗೆ ಬಿಸಿ ತಾಗಿತು. ಒಳಗಿನ ದ್ರವ ಸೋರಲು ಶುರುವಾದರೆ ಬರುವ ವಾಸನೆ ಅದು. ಒಮ್ಮೆ ಮೂಗಿಗೆ ಬಿದ್ದರೆ ಮರೆಯೋದಿಲ್ಲ.

ತಪ್ಪು ಏನಾಗಿತ್ತು? ಪಕ್ಕಪಕ್ಕ ಜೋಡಿಸಿದ ಸೆಲ್‌ಗಳು ಒಂದೇ ವಯಸ್ಸು, ಒಂದೇ ಜಾತಿ ಇರಬೇಕು. ಜೋಡಿಸುವಾಗ ಒಂದರಲ್ಲಿ ಚಾರ್ಜ್ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇದ್ದರೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತದೆ. ಆಮೇಲೂ ಹಳೆಯದು ಹೊಸದು ಸಮನಾಗಿ ಭಾರ ಹೊರೋದಿಲ್ಲ. ಮೇಲಾಗಿ ಆ ಹೊಸ ಸೆಲ್ ಎಲ್ಲಿಂದ ಬಂದದ್ದು, ಎಷ್ಟು ಹಳೆಯದು, ಯಾರಿಗೂ ಗೊತ್ತಿಲ್ಲ. ಬಿಲ್ಲೂ ಇಲ್ಲ. ನನ್ನ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಸಿಕ್ಕಿತ್ತು, ಅದು ದುಡ್ಡಿನದು.

ಹಾಗಂತ ಎಲ್ಲ ರಿಪೇರಿಯೂ ಕೆಟ್ಟದ್ದಲ್ಲ. ಸೆಲ್ ಸರಿ ಇದ್ದು ಪೋರ್ಟ್ ಸಡಿಲವಾಗಿದ್ದರೆ, ಬಟನ್ ಹೋಗಿದ್ದರೆ, ಅದನ್ನು ನೂರಿನ್ನೂರಕ್ಕೆ ಸರಿ ಮಾಡಿಸಿ. ಎಸ್‌ಪಿ ರೋಡಿನ ಕೈಗಳು ಆ ಕೆಲಸದಲ್ಲಿ ಪಳಗಿದವು. ಸೆಲ್ಲಿಗೆ ಕೈ ಹಾಕುವ ಮಾತು ಬಂದರೆ ಮಾತ್ರ ವಾಪಸ್ ಬನ್ನಿ.

ವಾರಂಟಿ

ಬಿಲ್ ಇದ್ದು ಅವಧಿ ಒಳಗಿದ್ದರೆ ಇದೇ ಒಳ್ಳೆಯ ದಾರಿ. ತೊಂದರೆ ಅಂದರೆ ಪವರ್ ಬ್ಯಾಂಕಿಗೆ ಬಹಳಷ್ಟು ಕಂಪನಿಗಳು ಕೊಡುವುದು ಆರು ತಿಂಗಳು, ಊದುವುದು ಒಂದೆರಡು ವರ್ಷಕ್ಕೆ. ಪೆಟ್ಟಿಗೆ ಬಿಚ್ಚಿದ ಗುರುತಿದ್ದರೂ ಒಪ್ಪೋದಿಲ್ಲ. ಸರ್ವಿಸ್ ಸೆಂಟರಿಗೆ ನೀವೇ ಒಯ್ದು ಕೊಡಿ. ಕೊರಿಯರ್ ಬೇಡ. ಊದಿದ, ಜಜ್ಜಿದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವಂತಿಲ್ಲ. ಒಳಗೇನಿದೆ ಅಂತ ಹೇಳದೆ ಪ್ಯಾಕ್ ಮಾಡಿ ಕಳಿಸಿದರೆ ಅಪಾಯವನ್ನು ಇನ್ನೊಬ್ಬರ ತಲೆಗೆ ಕಟ್ಟಿದ ಹಾಗೆ.

ಒಂದು ಮಾತು: ದೊಡ್ಡ ಹೆಸರು ಅಂದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ. 2025ರ ಜೂನ್‌ನಲ್ಲಿ ಆ್ಯಂಕರ್ ಕಂಪನಿ ಬೆಂಕಿಯ ಅಪಾಯದ ಕಾರಣಕ್ಕೆ ಅಮೆರಿಕದಲ್ಲಿ ಒಂದೇ ಮಾಡೆಲಿನ 11 ಲಕ್ಷಕ್ಕೂ ಜಾಸ್ತಿ ಪವರ್ ಬ್ಯಾಂಕ್ ವಾಪಸ್ ಕರೆಸಿಕೊಂಡಿತು. ಆದರೆ ಹೆಸರಿರುವ ಕಂಪನಿ ಆದ್ದರಿಂದ ಕರೆಸಿಕೊಂಡಿತು. ಫುಟ್‌ಪಾತಿನಲ್ಲಿ ಕೊಂಡದ್ದನ್ನು ಯಾರು ಕರೆಸಿಕೊಳ್ಳುತ್ತಾರೆ? ನಿಮ್ಮದರ ಹಿಂಬದಿಯ ಮಾಡೆಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಒಮ್ಮೆ ಹುಡುಕಿ ನೋಡಿ. ಎರಡು ನಿಮಿಷದ ಕೆಲಸ.

ಕೊಟ್ಟುಬಿಡುವುದು, ಆದರೆ ಎಲ್ಲಿಗೆ?

ಕಸದ ಆಟೊಗೆ ಹಾಕುವುದು ಸುಲಭ. ಬೆಳಿಗ್ಗೆ ಹಾಡು ಹಾಕಿಕೊಂಡು ಮನೆ ಬಾಗಿಲಿಗೇ ಬರುತ್ತದೆ. ಆದರೆ ಆ ಕಸ ಮುಂದೆ ಕಾಂಪ್ಯಾಕ್ಟರ್ ಲಾರಿಗೆ ಹೋಗುತ್ತದೆ. ಅಲ್ಲಿ ಒತ್ತುವುದೇ ಕೆಲಸ. ಊದಿದ ಸೆಲ್ ಒತ್ತಡಕ್ಕೆ ಸಿಕ್ಕರೆ ಏನಾಗುತ್ತದೆ ಅಂತ ಮೇಲೇ ಹೇಳಿದೆ. ಅದಕ್ಕೂ ಮೊದಲು ಪೌರಕಾರ್ಮಿಕರು ಕೈಯಲ್ಲಿ ಆರಿಸುತ್ತಾರೆ. ಗುಜರಿಯವನಿಗೆ ಕೊಟ್ಟರೆ ಇಪ್ಪತ್ತು ರೂಪಾಯಿ ಸಿಗಬಹುದು. ಅವನೋ ಸುತ್ತಿಗೆಯಲ್ಲಿ ಒಡೆಯುತ್ತಾನೆ. ಎರಡೂ ಬೇಡ.

ಉಳಿದದ್ದು ಮೂರು ದಾರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಹೊಣೆ ತಯಾರಿಸಿ ಮಾರುವ ಕಂಪನಿಯದು. ಆದ್ದರಿಂದ ಸರ್ವಿಸ್ ಸೆಂಟರಿನಲ್ಲಿ ಸಂಕೋಚ ಇಲ್ಲದೆ ಕೇಳಿ. ಎರಡನೆಯದು ಬಡಾವಣೆಯ ಒಣ ಕಸ ಸಂಗ್ರಹ ಕೇಂದ್ರ. ಹತ್ತಿರ ಇರುತ್ತದೆ, ಆದರೆ ಎಲ್ಲ ಕಡೆ ಒಂದೇ ಅಚ್ಚುಕಟ್ಟು ಇರೋದಿಲ್ಲ. ಒಳಗಿರುವವರ ಕೈಗೇ ಕೊಟ್ಟು “ಇದು ಊದಿರೋ ಬ್ಯಾಟರಿ, ಬೇರೆ ಇಡಿ” ಅಂತ ಬಾಯಿಬಿಟ್ಟು ಹೇಳಬೇಕು. ಮೂರನೆಯದು ಪರವಾನಗಿ ಇರುವ ಇ-ತ್ಯಾಜ್ಯ ಸಂಸ್ಥೆಗಳು. ನಮ್ಮ ಊರಿಗೆ ಇದೇನೂ ಹೊಸದಲ್ಲ. ದಾಬಸ್‌ಪೇಟೆಯ ಇ-ಪರಿಸರ ಘಟಕ ಶುರುವಾದದ್ದು 2005ರಲ್ಲಿ. ಪರವಾನಗಿ ಇರುವವರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸೈಟಿನಲ್ಲಿ ಸಿಗುತ್ತದೆ. ಹೋಗುವ ಮೊದಲು ಫೋನ್ ಮಾಡಿ, ಊದಿದ್ದನ್ನು ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಸಲೀಸು, ಹತ್ತಾರು ಮನೆಯ ಹಳೆ ಸಾಮಾನು ಸೇರಿಸಿ ಗಾಡಿ ಕರೆಸಬಹುದು. ಒಂದೇ ಒಂದು ಪವರ್ ಬ್ಯಾಂಕಿಗೆ ಯಾರೂ ಮನೆ ತನಕ ಬರಲಿಕ್ಕಿಲ್ಲ.

ಕೊಡುವ ದಿನದ ತನಕ ಎಲ್ಲಿಡೋದು? ತಗಡಿನ ಅಥವಾ ಸ್ಟೀಲ್ ಡಬ್ಬ, ಒಳಗೆ ಒಣ ಮರಳು. ಬೆಂಗಳೂರಿನಲ್ಲಿ ಅದಕ್ಕೇನು ಬರ, ಪ್ರತಿ ಬೀದಿಯಲ್ಲೂ ಒಂದು ಮನೆ ಏಳುತ್ತಿರುತ್ತದೆ, ಮುಂದೆ ಎಂ-ಸ್ಯಾಂಡ್ ರಾಶಿ ಬಿದ್ದಿರುತ್ತದೆ. ಮೇಸ್ತ್ರಿಗೆ ಹೇಳಿ ಎರಡು ಬೊಗಸೆ ತನ್ನಿ. ಪೋರ್ಟಿನ ಬಾಯಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಮರಳಿನಲ್ಲಿ ಹೂತು, ಮುಚ್ಚಳವನ್ನು ಸಡಿಲವಾಗಿ ಇಡಿ. ಬಿಗಿಯಾಗಿ ಮುಚ್ಚಿದರೆ ಅನಿಲ ಕಟ್ಟಿಕೊಂಡು ಡಬ್ಬವೇ ಸಿಡಿಯಬಹುದು. ಡಬ್ಬ ಮನೆ ಹೊರಗೆ, ನೆರಳಲ್ಲಿ ಇರಲಿ. ಗ್ಯಾಸ್ ಸಿಲಿಂಡರ್, ಬಟ್ಟೆ, ಪೇಪರ್ ಹತ್ತಿರ ಬೇಡ. ಚಾರ್ಜ್ ಖಾಲಿ ಮಾಡ್ತೀನಿ ಅಂತ ಫೋನಿಗೆ ಚುಚ್ಚಿ ಕೂರಬೇಡಿ.

ಒಯ್ಯುವಾಗ ಸ್ಕೂಟರ್ ಡಿಕ್ಕಿಯಲ್ಲಿ ಹಾಕಬೇಡಿ. ಅದರ ಕೆಳಗೆ ಎಂಜಿನ್ ಬಿಸಿ, ಬಹಳ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕೂ ಅಲ್ಲೇ. ಡಬ್ಬ ಸಮೇತ ಫುಟ್‌ಬೋರ್ಡ್ ಮೇಲಿಟ್ಟು, ಬೆಳಗಿನ ತಂಪಿನಲ್ಲಿ ಹೋಗಿ ಬನ್ನಿ. ರಶ್ ಇರುವ ಬಸ್ಸು, ಮೆಟ್ರೋ ಸಲ್ಲದು.

ಇಷ್ಟರಲ್ಲಿ ಹೊಗೆ ಬಂದರೆ? ಆ ಹೊಗೆ ವಿಷ, ಉಸಿರಿಗೆ ತೆಗೆದುಕೊಳ್ಳಬೇಡಿ. ಮಕ್ಕಳು, ಹಿರಿಯರನ್ನು ಮೊದಲು ಹೊರಗೆ ಕಳಿಸಿ. ಪ್ಲಗ್ಗಿಗೆ ಹಾಕಿರದ ಸಣ್ಣ ಪವರ್ ಬ್ಯಾಂಕಾದರೆ ದೂರದಿಂದ ಬಕೆಟ್ಟುಗಟ್ಟಲೆ ನೀರು ಸುರಿಯಬಹುದು. ತಣಿಸಲು ನೀರೇ ಬೇಕು. ಆರಿದ ಹಾಗೆ ಕಂಡು ಮತ್ತೆ ಹೊತ್ತಿಕೊಳ್ಳುವುದುಂಟು. ಕೈ ಮೀರಿದರೆ ಬಾಗಿಲು ಎಳೆದುಕೊಂಡು ಹೊರಬಂದು 112ಕ್ಕೆ ಫೋನ್ ಮಾಡಿ.

ಊದಿಲ್ಲ, ಆದರೆ ಬಿದ್ದಿದೆ ಅಥವಾ ನೆಂದಿದೆ

ಡೆಲಿವರಿ ಹುಡುಗನ ಪ್ರಶ್ನೆಗೆ ಬರೋಣ. ಊದಿದ್ದಕ್ಕೆ ಉತ್ತರ ಒಂದೇ, ಇದಕ್ಕೆ ಎರಡು ಮೂರು.

ಪ್ಲಾಸ್ಟಿಕ್ ಬರೀ ಗೀಚಿದ್ದರೆ ಹೆದರುವ ಕಾರಣವಿಲ್ಲ. ಮೂಲೆ ಒಳಕ್ಕೆ ತಗ್ಗಿದ್ದರೆ ಆ ತಗ್ಗಿನ ಹಿಂದೆ ಸೆಲ್ ಇದೆಯಾ ಅನ್ನುವುದು ಪ್ರಶ್ನೆ. ಪೋರ್ಟ್ ಇರುವ ತುದಿಯಲ್ಲಿ ಸಾಮಾನ್ಯವಾಗಿ ಸರ್ಕ್ಯೂಟ್ ಬೋರ್ಡ್ ಇರುತ್ತದೆ, ಉಳಿದ ಜಾಗವೆಲ್ಲ ಸೆಲ್. ಸೆಲ್ ಕಡೆ ಜಜ್ಜಿದ್ದರೆ ಬಿಡಿ, ಊದುವ ತನಕ ಕಾಯಬೇಡಿ. ಗೊತ್ತಾಗದಿದ್ದರೆ ಒಂದು ದಿನ ಚಾರ್ಜ್ ಹಾಕದೆ ಬಚ್ಚಲ ನೆಲದಂಥ ಒಣ ಕಲ್ಲುನೆಲದ ಮೇಲೆ ಬಿಡಿ. ಆಮೇಲೆ ಎಚ್ಚರ ಇರುವಾಗ, ಎದುರಿಗೆ ಕೂತು ಒಮ್ಮೆ ಚಾರ್ಜ್ ಮಾಡಿ. ಬೆಚ್ಚಗಾದರೆ ಸರಿ. ಅಂಗೈಯಲ್ಲಿ ಹಿಡಿದುಕೊಳ್ಳಲು ಆಗದಷ್ಟು ಬಿಸಿ, ಆ ಸಿಹಿ ವಾಸನೆ, ಇದ್ದಕ್ಕಿದ್ದಂತೆ ಪೂರ್ತಿಯಿಂದ ಸೊನ್ನೆಗೆ ಇಳಿಯುವುದು: ಈ ಮೂರರಲ್ಲಿ ಒಂದು ಕಂಡರೂ ಮರಳಿನ ಡಬ್ಬಕ್ಕೆ.

ನೆಂದದ್ದರಲ್ಲಿ ನಾನು ಇನ್ನೂ ಬಿಗಿ. ಎರಡು ಹನಿ ಬಿದ್ದಿದ್ದರೆ ಒರೆಸಿ ಎರಡು ದಿನ ಗಾಳಿಗೆ ಬಿಟ್ಟು ನೋಡಿ. ಅಂಡರ್‌ಪಾಸಿನ ನೀರಿನಲ್ಲಿ ಮುಳುಗಿ ಎದ್ದದ್ದಾದರೆ ಮುಗಿಯಿತು. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಅಕ್ಕಿ ಹಾಳು, ಅಷ್ಟೇ. ಬೋರ್ಡಿನ ಮೇಲೆ ಕೂತ ಕೊಳೆ ನೀರಿನ ಉಪ್ಪು ವಾರಗಳ ನಂತರ ತುಕ್ಕಾಗಿ ಕಾಡುತ್ತದೆ.

ಹೊಸದು ತರುವುದಾದರೆ

ಇಲ್ಲಿ ಅಗತ್ಯಕ್ಕೆ ತಕ್ಕ ಹಾಗೆ ಆಯ್ಕೆ ಬದಲಾಗುತ್ತದೆ.

ತೆಳ್ಳಗಿನವು ಬಹುತೇಕ ಚೀಲದ ಸೆಲ್‌ನವು. ಹಗುರ, ಜೇಬಿಗೆ ಸಲೀಸು. ಪೆಟ್ಟು ತಡೆಯೋದಿಲ್ಲ. ಆದರೆ ಕೆಡುವಾಗ ಊದಿ ಮೊದಲೇ ಹೇಳುವ ಗುಣ ಇದೆ. ದಪ್ಪನೆಯ ಕೆಲವಲ್ಲಿ ಟಾರ್ಚ್ ಸೆಲ್ ಆಕಾರದ 18650 ಅಥವಾ 21700 ಉರುಳೆಗಳಿರುತ್ತವೆ. ಉಕ್ಕಿನ ಕವಚ, ಒತ್ತಡ ಏರಿದರೆ ಹೊರಬಿಡುವ ಕಿಂಡಿ, ಬಿದ್ದರೂ ತಡೆಯುತ್ತವೆ. ಊದಿ ತೋರಿಸುವುದಿಲ್ಲ ಅನ್ನುವುದೇ ಇವುಗಳ ದೋಷ. ಹಾಗಾಗಿ ಬಿಸಿಯ ಮೇಲೆ ಕಣ್ಣಿರಬೇಕು. ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್. ಬಿಸಿಗೆ ಸುಲಭವಾಗಿ ಕೆರಳೋದಿಲ್ಲ, ಆಯುಸ್ಸೂ ಜಾಸ್ತಿ. ಅದೇ ಶಕ್ತಿಗೆ ತೂಕ ಜಾಸ್ತಿ, ಬೆಲೆ ಜಾಸ್ತಿ, ಸಣ್ಣ ಪವರ್ ಬ್ಯಾಂಕಿನಲ್ಲಿ ಸಿಗುವುದು ಅಪರೂಪ. ಮನೆಯಲ್ಲೇ ಇಟ್ಟು ಬಳಸುವ ದೊಡ್ಡ ಪೆಟ್ಟಿಗೆಗೆ ಇದು ಹೊಂದುತ್ತದೆ.

ಬೆಲೆಯ ಮಾತು. ಹೆಸರಿರುವ ಕಂಪನಿಯ 10,000 ಎಂಎಎಚ್‌ದು ಸುಮಾರು ಸಾವಿರದಿಂದ ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಅದರಲ್ಲಿ ತುಂಬಿರುವ ಶಕ್ತಿ 37 ವಾಟ್ ಅವರ್. 5,000 ಎಂಎಎಚ್ ಫೋನಿಗೆ ಸುಮಾರು 19 ಬೇಕು. ನಡುವೆ ಬಿಸಿಯಾಗಿ ಸೋರಿಹೋಗುವುದು ಕಳೆದರೆ ಒಂದೂವರೆ ಸಲ ಫೋನ್ ತುಂಬುತ್ತದೆ, ಎರಡು ಸಲ ಅಲ್ಲ. ಫುಟ್‌ಪಾತಿನಲ್ಲಿ 400 ರೂಪಾಯಿಗೆ 50,000 ಎಂಎಎಚ್ ಅಂತ ಮಾರುತ್ತಾರಲ್ವಾ, ಅದನ್ನು ತರಕಾರಿ ಅಂಗಡಿ ತಕ್ಕಡಿಗೆ ಹಾಕಿ ನೋಡಿ. ಒಂದು 18650 ಸೆಲ್ಲಿನ ತೂಕವೇ 45 ಗ್ರಾಂ ಆಸುಪಾಸು, ಒಳ್ಳೆಯದರಲ್ಲೂ ಹಿಡಿಯುವುದು 3,500 ಎಂಎಎಚ್. 50,000ಕ್ಕೆ ಬರೀ ಸೆಲ್ಲೇ ಅರ್ಧ ಕೇಜಿಗಿಂತ ಮೇಲೆ ತೂಗಬೇಕು. ಕೈಯಲ್ಲಿರುವುದು 150 ಗ್ರಾಂ ಇದ್ದರೆ ಉಳಿದದ್ದು ಬರೀ ಅಚ್ಚು ಹಾಕಿದ ಸುಳ್ಳು.

ಹಿಂಬದಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಗೆ ಸೇರಿದ್ದು ಅಂತ ತೋರಿಸುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿ, ಯಾರೂ ಏನೂ ಅಂದುಕೊಳ್ಳೋದಿಲ್ಲ.

ವಿಮಾನದಲ್ಲಿ ಓಡಾಡುವವರು 100 ವಾಟ್ ಅವರ್ ಒಳಗಿನದನ್ನೇ ತಗೊಳ್ಳಿ. ಅಂದರೆ 20,000 ಎಂಎಎಚ್ ತನಕ ಚಿಂತೆ ಇಲ್ಲ. ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ನಿಂತಿದ್ದ ಏರ್ ಬುಸಾನ್ ವಿಮಾನ ಸುಟ್ಟುಹೋದಾಗ ತನಿಖೆಯವರ ಅನುಮಾನ ಬಿದ್ದದ್ದು ಪವರ್ ಬ್ಯಾಂಕ್ ಮೇಲೆ. ಆಮೇಲೆ ಎಷ್ಟೋ ವಿಮಾನ ಕಂಪನಿಗಳು ಹಾರಾಟದಲ್ಲಿ ಬಳಸುವುದಕ್ಕೂ ತಡೆ ಹಾಕಿವೆ.

ಕರೆಂಟ್ ಹೋದಾಗ ವೈಫೈ ನಿಲ್ಲಬಾರದು ಅನ್ನುವುದಷ್ಟೇ ನಿಮ್ಮ ಅಗತ್ಯವಾದರೆ ಪವರ್ ಬ್ಯಾಂಕೇ ಬೇಡ, ರೂಟರಿನ ಮಿನಿ ಯುಪಿಎಸ್ ಸಾಕು. ಅದರ ಒಳಗೂ ಇಂಥವೇ ಸೆಲ್, ವರ್ಷಕ್ಕೆರಡು ಸಲ ಮುಟ್ಟಿ ನೋಡಿ. ಫೋನ್ ಹಳೆಯದಾಗಿ ಚಾರ್ಜ್ ನಿಲ್ಲುತ್ತಿಲ್ಲ ಅನ್ನುವುದು ಕಾರಣವಾದರೆ, ಕಂಪನಿ ಸರ್ವಿಸ್ ಸೆಂಟರಿನಲ್ಲಿ ಫೋನಿನ ಬ್ಯಾಟರಿ ಬದಲಿಸಿ. ದಿನವೂ ಎರಡು ಬ್ಯಾಟರಿ ಹೊರುವುದು ತಪ್ಪುತ್ತದೆ.

ಅಕ್ಕನ ಮಗಳು 10,000ದ ತೆಳ್ಳನೆಯದು ಕೊಂಡಳು. ಹಳೆಯದು ಎರಡು ದಿನ ಪಿಜಿ ಆಂಟಿಯ ಹಳೆ ಇಡ್ಲಿ ಪಾತ್ರೆಯಲ್ಲಿ, ಮರಳಿನೊಳಗೆ, ಬಾಲ್ಕನಿಯ ಮೂಲೆಯಲ್ಲಿತ್ತು. ಆಂಟಿಗೆ ಆ ಪಾತ್ರೆ ಇನ್ನು ವಾಪಸ್ ಬೇಡವಂತೆ. ಡೆಲಿವರಿ ಹುಡುಗನಿಗೆ ಉರುಳೆ ಸೆಲ್‌ನದು ಹುಡುಕಿ ಕೊಟ್ಟೆ, ಸ್ವಲ್ಪ ಭಾರ ಅಂತ ಗೊಣಗಿದ. ಅವನ ಜಜ್ಜಿದ್ದು ಚಾರ್ಜ್ ಹಾಕಿದ ಇಪ್ಪತ್ತೇ ನಿಮಿಷಕ್ಕೆ ಕೈ ಸುಡುವಷ್ಟು ಬಿಸಿಯಾಯಿತು. ಈಗ ನಮ್ಮ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ, ತಗಡಿನ ಬಿಸ್ಕತ್ತು ಡಬ್ಬದೊಳಗೆ ಶನಿವಾರಕ್ಕೆ ಕಾಯುತ್ತಿದೆ.